ಕುಲುಮೆಯ ನೆರಳು

ಕಮಲಾಪುರ, ೧೬ ಫೆಬ್ರುವರಿ ೨೦೨೫, ರವಿವಾರ

ಬಸ್ಸಿಳಿದು ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ. ಕಲಬುರಗಿಯಲ್ಲಿ ತಮ್ಮ ಮೋನಪ್ಪ ಮನೆಯ ಹಿಂದೆ ಅಪ್ಪನ ಕಮ್ಮಾರಿಕೆ ಈಗ ತಾನೂ ಹಿಡಿದು ಕುಲುಮೆಗೆ ಶೆಡ್ಡು ಹಾಕಿಸುತ್ತಾನಂತೆ. ನಕ್ಷೆ ತೋರಿಸಲು ನನ್ನನ್ನು ಕರೆಸಿದ್ದ. ಮೇಲೆ ಪೂರ್ತಿ ಬೆಳಕು ತೂರುವ ಬಿಳಿ ಪ್ಲಾಸ್ಟಿಕ್ ಶೀಟು, ಪಶ್ಚಿಮಕ್ಕೆ ಗೋಡೆಯೇ ಇಲ್ಲ.

"ಬೆಳಕು ಭಾಳ ಆತಲ್ಲೋ," ಎಂದೆ.

"ನೀ ಬರೇ ತಿದಿ ಒತ್ತಿದಾಕಿ. ನಿನಗೇನ್ ತಿಳೀತದ ಅಕ್ಕಾ?" ಎಂದು ನಕ್ಕ. ಅವನ ಹೆಂಡತಿಯೂ ನಕ್ಕಳು.

ಬರೇ ಗಾಳಿ ಊದುವ ತಿದಿಯಂತೆ! ಅಪ್ಪನ ಕಣ್ಣು ಮಂಜಾದ ಮೇಲೆ ಹನ್ನೊಂದು ವರ್ಷ ಕಾದ ಕಬ್ಬಿಣದ ಬಣ್ಣ ನೋಡಿದವಳು ನಾನು. ನಾನು "ಈಗ ತೆಗಿ ಅಪ್ಪಾ" ಎಂದ ಮೇಲೆಯೇ ಸುತ್ತಿಗೆ ಏಳುತ್ತಿತ್ತು. ಆಗ ಈ ಮೋನಪ್ಪ ಮಸಿ ಹತ್ತುತ್ತದೆಂದು ಆ ಕಡೆ ಸುಳಿಯುತ್ತಿರಲಿಲ್ಲ. ಬಿಸಿಲಲ್ಲಿ ಕೆಂಡದಂಥ ಕಬ್ಬಿಣವೂ ಕರ್ರಗೇ ಕಾಣುತ್ತದೆ. ಅದಕ್ಕೇ ಅಪ್ಪ ಪಶ್ಚಿಮಕ್ಕೆ ಗೋಣಿತಟ್ಟು ಕಟ್ಟುತ್ತಿದ್ದ. ಇದನ್ನು ನಾನು ಹೇಳಲಿಲ್ಲ. ಚಹಾ ಕುಡಿದು ಎದ್ದೆ.

ಹೊರಡುವಾಗ, "ಮೊದಲ ಬೆಂಕಿ ಹಾಕೋ ದಿನ ಕುಂಕುಮ ನೀನೇ ಹಚ್ಚಬೇಕು, ಅಕ್ಕಾ," ಎಂದ.

ಹಚ್ಚುತ್ತೇನೆ. ಪೂಜೆ ಮಟಮಟ ಮಧ್ಯಾಹ್ನವೇ ಇಟ್ಟುಕೋ ಎಂದು ನಾನೇ ಹೇಳಿ ಬಂದಿದ್ದೇನೆ. ಆ ಬಿಸಿಲಲ್ಲಿ ಕಬ್ಬಿಣ ಕಾದದ್ದು ಅವನೇ ನೋಡಿಕೊಳ್ಳಲಿ.