ಮುಟ್ಟಿ ಹೇಳಿದ ಪರಿಮಳ

ಮನೆಯಿಂದ, ಮಂಗಳವಾರ ಬೆಳಿಗ್ಗೆ

ನಮ್ಮ ಚಿನಕುರಳಿ ಮಗಳ ಅಪ್ಪನಿಗೆ ನಮಸ್ಕಾರಗಳು.

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಸೋಪಿನ ಕಾರ್ಖಾನೆಯಲ್ಲಿ ದಿನವಿಡೀ ಪರಿಮಳ ಮೂಸಿ ಮೂಸಿ ತಲೆನೋವು ಬರುತ್ತದೆ ಎಂದಿದ್ದಿರಿ, ಕಿಟಕಿಯ ಪಕ್ಕದ ಜಾಗ ಸಿಕ್ಕಿತೇ? ಮಗಳು ಏಳುವ ಮುಂಚೆ ಬರೆದು ಮುಗಿಸೋಣವೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಬಾಯಿ ತೆರೆದುಕೊಂಡೇ ಉಸಿರಾಡುತ್ತಾ ಮಲಗಿದ್ದಾಳೆ.

ಹೋದ ತಿಂಗಳು ಡಾಕ್ಟರಮ್ಮ ಅವಳ ಮೂಗಿಗೆ ಆಪರೇಶನ್ ಬೇಕಾಗಬಹುದು ಎಂದಾಗ, ಬರೀ ನೆಗಡಿ, ಬೇಡವೆಂದು ನೀವು ಬರೆದಿರಿ. ಜೊತೆಗೆ ‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ಗಾದೆ ಬೇರೆ. ಆ ಗಾದೆ ಕಟ್ಟಿದವರ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಇರಲಿಲ್ಲ ಬಿಡಿ. ಹುಟ್ಟಿದಾಗಿನಿಂದ ನಾವು ಅವಳ ಎದೆಯನ್ನಷ್ಟೇ ಕಾಯ್ದೆವು. ಬೆನ್ನು ತಟ್ಟಿ, ಔಷಧಿಯ ಹಬೆ ಕೊಟ್ಟು, ಅಂಟು ಕಫ ತೆಗೆಸಿದೆವು. ಅದೇ ಅಂಟು ಮೂಗಿನ ಹಿಂದೆಯೂ ಕಟ್ಟಿಕೊಳ್ಳುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಏನಾಯಿತು ಗೊತ್ತೇ? ನೀವು ಕಳಿಸುವ ಪುಟಾಣಿ ಸೋಪುಗಳನ್ನು ಅವಳು ಕಣ್ಣು ಮುಚ್ಚಿ ಮೂಸಿ ಹೆಸರು ಹೇಳುತ್ತಾಳೆ, ‘ನನ್ನ ಮೂಗೇ ಬಂದಿದೆ ಇವಳಿಗೆ’ ಎಂದು ನೀವು ಬೀಗುತ್ತೀರಿ. ಬಟ್ಟೆ ಒಗೆಯಲೆಂದು ಹಳೆಯ ಸೋಪುಗಳನ್ನು ತುರಿದು ಬಟ್ಟಲುಗಳಲ್ಲಿ ಇಟ್ಟಿದ್ದೆ. ಯಾವುದು ಯಾವುದೆಂದು ಸುಮ್ಮನೆ ಕೇಳಿದೆ. ನಿಂಬೆಯನ್ನು ಗುಲಾಬಿ ಎಂದಳು, ಗುಲಾಬಿಯನ್ನು ಮಲ್ಲಿಗೆ ಎಂದಳು. ನಾನು ನಕ್ಕೆ, ಅವಳು ನಗಲಿಲ್ಲ. “ನಾನು ಮೂಸಿ ಹೇಳ್ತಿರಲಿಲ್ಲಮ್ಮ, ಮುಟ್ಟಿ ಹೇಳ್ತಿದ್ದೆ. ಗುಲಾಬಿ ದುಂಡಗಿರುತ್ತೆ, ನಿಂಬೆ ಉದ್ದಕ್ಕಿರುತ್ತೆ. ಅಪ್ಪಂಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ” ಎಂದಳು. ಯಾವಾಗಿನಿಂದ ವಾಸನೆ ಬರುತ್ತಿಲ್ಲ ಎಂದರೆ ಗೊತ್ತಿಲ್ಲವಂತೆ.

ನಿನ್ನೆ ಡಾಕ್ಟರಮ್ಮನ ಹತ್ತಿರ ಓಡಿದೆ. ಎರಡೂ ಹೊಳ್ಳೆಯಲ್ಲಿ ದುರ್ಮಾಂಸ ಬೆಳೆದಿದೆ, ಸೈನಸ್ ತುಂಬಿ ಹೋಗಿದೆ, ಅಲ್ಲಿನ ಸೋಂಕು ಎದೆಗೂ ಇಳಿಯಬಹುದು ಎಂದರು. ಮತ್ತೆ ಒಂದು ದಿನವೂ ಮೂಗು ಕಟ್ಟಿದೆ ಎನ್ನಲಿಲ್ಲವಲ್ಲ ಎಂದು ಕೇಳಿದೆ. ಬಿಟ್ಟ ಮೂಗು ಹೇಗಿರುತ್ತದೆಂದು ತಿಳಿಯದ ಮಗು ಕಟ್ಟಿದೆ ಎಂದು ಹೇಗೆ ಹೇಳೀತು ಎಂದರು. ತೆಗೆದರೂ ದುರ್ಮಾಂಸ ಮತ್ತೆ ಬೆಳೆಯಬಹುದು, ವಾಸನೆ ಮರಳುತ್ತದೆಂಬ ಭರವಸೆಯಿಲ್ಲ. ಆದರೂ ಉಸಿರು ಹಗುರಾಗುತ್ತದಂತೆ. ಆಪರೇಶನ್ ಶುಕ್ರವಾರಕ್ಕೆಂದು ಒಪ್ಪಿ ಬಂದಿದ್ದೇನೆ, ನಿಮ್ಮನ್ನು ಕೇಳದೆ. ಬೈಯುವುದಿದ್ದರೆ ಇಲ್ಲಿಗೆ ಬಂದು ಬೈಯಿರಿ. ನನಗೆ ಭಯವಾಗಿದೆ, ಒಬ್ಬಳೇ ಆ ಬಾಗಿಲ ಹೊರಗೆ ಕೂರಲಾರೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಲಾರಿಯಲ್ಲಿ ನಿಮ್ಮ ಕಡೆಗೇ ಹೊರಟಿರುವ ಮೈದುನನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಇಂತಿ,
ನಿಮ್ಮ ಬಾಯಿಬಡುಕಿ

ತಾ.ಕ.: ಮೈದುನ ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ಈಗಷ್ಟೇ ಎದ್ದು ಬಂದವಳು, “ಅಪ್ಪನ ವಾಸನೆ ಹೇಗಿರುತ್ತಮ್ಮ?” ಎಂದು ಕೇಳಿದಳು. ಸೋಪಿನ ಹಾಗೆ ಎಂದುಬಿಟ್ಟೆ. “ಸೋಪಿಂದು ಹೇಗಿರುತ್ತೆ?” ಎಂದಳು. ಗುರುವಾರವೇ ಹೊರಟು ಬನ್ನಿ. ಕೆಲಸದ ಅಂಗಿಯಲ್ಲೇ ಬನ್ನಿ, ಒಗೆಯಬೇಡಿ.