ನನ್ನ ಹಾಜರಿ ಪುಸ್ತಕದ ನಲವತ್ತೆರಡು ಆರೋಪಿಗಳು

ಮಾನ್ಯ ಜಿಲ್ಲಾ ಪೊಲೀಸ್ ಸಾಹೇಬರೇ,

ನಿಮ್ಮ ಕೈಕೆಳಗಿನ ಠಾಣೆಗೆ ನಾಲ್ಕು ಸಲ ಹೋದೆ. ನಾಲ್ಕು ಸಲವೂ ಒಂದೇ ಮಾತು: "ಬಾಯಲ್ಲಿ ಹೇಳಿದ್ರೆ ಆಗಲ್ಲ ಅಜ್ಜ, ಬರ್ದು ಕೊಡಿ." ನಾನು ಬರೆದು ಕೊಟ್ಟಿದ್ದರಿಂದಲೇ ಇಷ್ಟೆಲ್ಲ ಆಗಿರುವುದು ಸ್ವಾಮಿ. ಇನ್ನು ಪೆನ್ನು ಮುಟ್ಟಲ್ಲ ಅಂತ ಕೂತವನ ಕೈಲಿ ಮತ್ತೆ ಬರೆಸುತ್ತಿದ್ದೀರಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯ ತಪ್ಪಿಲ್ಲ. ಠಾಣೆಗೆ ಕೊಟ್ಟರೆ ಯಾವ ಫೈಲಿನಡಿ ಸೇರುತ್ತದೋ ಅಂತ ಪೇಪರಿಗೆ ಕೊಟ್ಟಿದ್ದೇನೆ.

ವಿಷಯ ಇಷ್ಟೇ. ಆನೆ ತುಳಿದು ಸತ್ತ ಲಕ್ಕಪ್ಪನ ಹೆಣ ಇಟ್ಟುಕೊಂಡು ನಾವು ರಸ್ತೆ ತಡೆದೆವು. ಆ ರಸ್ತೆ ತಡೆಯ ಕೇಸಿನಲ್ಲಿ ಹದಿನೇಳನೇ ಆರೋಪಿ ಯಾರು ಗೊತ್ತೇ? ಅದೇ ಲಕ್ಕಪ್ಪ. ಮಾರ್ಚ್ ಹದಿನಾಲ್ಕಕ್ಕೆ ಕೋರ್ಟಿಗೆ ಬರದಿದ್ದರೆ ಅವನ ಮೇಲೆ ವಾರಂಟ್ ಅಂತೆ.

ಯಸಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು ನಾನು. ಬೆಳಿಗ್ಗೆ ಸ್ಟೋರ್ ಮುಂದೆ ನಿಂತು, ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ, ಬಂದ ಆಳುಗಳ ಹೆಸರು ಕೂಗಿ, ಪುಸ್ತಕದಲ್ಲಿ ಹಾಜರಿ ಹಾಕುವುದು ನನ್ನ ಕೆಲಸ. ಹೋದ ವರ್ಷ ಫೆಬ್ರವರಿ ಇಪ್ಪತ್ತನಾಲ್ಕರಂದು ಬೆಳಿಗ್ಗೆ ಆರಕ್ಕೇ ಲಕ್ಕಪ್ಪ ಸ್ಪ್ರಿಂಕ್ಲರ್ ಪೈಪು ಬದಲಿಸಲು ಕೆರೆ ಹತ್ತಿರ ಹೋದ. ಆನೆ ಅಲ್ಲೇ ಇತ್ತು. ಒಂದು ವರ್ಷದೊಳಗೆ ನಮ್ಮ ಸುತ್ತಮುತ್ತ ಅವನು ನಾಲ್ಕನೆಯವನು. ನಾಲ್ವರೂ ನಡೆದು ಹೋಗುತ್ತಿದ್ದವರು. ಜೀಪಿನಲ್ಲಿ ಹೋಗುವವರು ಒಬ್ಬರೂ ಸತ್ತಿಲ್ಲ.

ಜನ ಸಿಡಿದೆದ್ದರು. ಸಣ್ಣ ಹಿಡುವಳಿಯವರು, ಪೇಟೆಯವರು, ದೊಡ್ಡ ಎಸ್ಟೇಟಿನವರು, ಎಲ್ಲರೂ ಬಂದರು. ನಮ್ಮ ಯಜಮಾನರು ಹೇಳಿದರು, "ಬೋರಯ್ಯ, ಇವತ್ತು ತೋಟದ ಕೆಲ್ಸ ಬೇಡ. ಎಲ್ರನ್ನೂ ಆನೇಮಹಲ್‌ಗೆ ಕರ್ಕೊಂಡು ನಡಿ. ರೋಡಲ್ಲಿ ಕೂತೋರಿಗೆಲ್ಲ ಹಾಜರಿ ಹಾಕು." ಸಕಲೇಶಪುರ ಪೇಟೆಯ ಹಮೀದ್ ತನ್ನ ಲಾರಿ ತಂದು ಹೆಣವನ್ನೂ ನಮ್ಮನ್ನೂ ಕೂರಿಸಿಕೊಂಡು ಹೋದ. ಡೀಸೆಲ್ಲಿಗೂ ಕೈ ಚಾಚಲಿಲ್ಲ.

ಆನೇಮಹಲ್ ಹತ್ತಿರ ಹೆದ್ದಾರಿಯಲ್ಲಿ ಹೆಣ ಇಳಿಸಿದೆವು. ಲೈನಿನವರು ಟಾರಿನ ಮೇಲೆ, ಬಿಸಿಲಲ್ಲಿ. ಸಣ್ಣ ಬೆಳೆಗಾರರು ರಸ್ತೆ ಬದಿಯ ಮರದ ನೆರಳಲ್ಲಿ. ದೊಡ್ಡವರು ಶಾಮಿಯಾನದ ಕೆಳಗೆ, ಕುರ್ಚಿಯಲ್ಲಿ. ಮೈಕಿನಲ್ಲಿ ಮಾತ್ರ ಗಂಟೆಗೊಮ್ಮೆ "ನಾವೆಲ್ಲರೂ ಒಂದೇ" ಅಂತ ಬರುತ್ತಿತ್ತು. ಒಂದೇ ಆಗಿದ್ದರೆ ಶಾಮಿಯಾನವನ್ನು ನಾಲ್ಕು ಮಾರು ಈಚೆಗೆ ಎಳೆಯಲು ಏನು ಕಷ್ಟವಿತ್ತು? ಆಗ ನನಗೂ ಇದು ಹೊಳೆಯಲಿಲ್ಲ ಬಿಡಿ. ನಾನು ಸ್ಟೋರ್ ಮುಂದೆ ನಿಂತ ಹಾಗೇ ರಸ್ತೆಯಲ್ಲಿ ನಿಂತು ಹೆಸರು ಕೂಗಿ ಬರೆಯುತ್ತಿದ್ದೆ. ಲಕ್ಕಪ್ಪನಿಗೂ ಹಾಜರಿ ಹಾಕಿದೆ. ಕೆಲಸಕ್ಕೆ ಹೊರಟು ಸತ್ತವನಿಗೆ ಆ ದಿನದ ಪೂರಾ ಹಾಜರಿ ಕೊಡುವುದು ನಮ್ಮ ಎಸ್ಟೇಟಿನ ಪದ್ಧತಿ. ಅವನ ಹೆಸರಿನ ಕೆಳಗೇ ಹೆಂಡತಿ ಮಾದಮ್ಮನ ಹೆಸರು. ಅವಳು ಅವನ ತಲೆ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಒಟ್ಟು ನಲವತ್ತೆರಡು ಹೆಸರು.

ಮೂರು ದಿನ ಬಿಟ್ಟು ನಿಮ್ಮ ಸಬ್ ಇನ್ಸ್‌ಪೆಕ್ಟರ್ ಎಸ್ಟೇಟಿಗೆ ಬಂದರು. ಯಜಮಾನರ ವರಾಂಡದಲ್ಲಿ ಕಾಫಿ ಕುಡಿದರು. "ಯಾರ್ಯಾರು ಬಂದಿದ್ರು, ಒಂದು ಪಟ್ಟಿ ಬೇಕಲ್ಲ ಅಜ್ಜ, ಪರಿಹಾರಕ್ಕೆ ಸಾಕ್ಷಿ ಆಗ್ತದೆ" ಅಂದರು. ನಾನು ಓಡಿಹೋಗಿ ಪುಸ್ತಕ ತಂದೆ. "ಎಷ್ಟು ದುಂಡಗೆ ಬರ್ದಿದೀರಿ!" ಅಂದರು. ಹಿಗ್ಗಿದೆ ಸ್ವಾಮಿ. ನಿಜ ಹೇಳುತ್ತೇನೆ, ಹಿಗ್ಗಿಹೋದೆ.

ಆ ಪುಟವೇ ಇವತ್ತು ಆರೋಪಿಗಳ ಪಟ್ಟಿ. ನಾನು ಬರೆದ ವರಸೆಯಲ್ಲೇ ಇದೆ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಕೊನೆಗೆ ನೀವು ಸೇರಿಸಿದ್ದು ಹಮೀದ್ ಒಬ್ಬನನ್ನು. ಹೊರಗಿನವನು, ಜನರನ್ನು ಎತ್ತಿಕಟ್ಟಿದ ಅಂತ. ಅವನ ಲಾರಿ ಮೂರು ತಿಂಗಳು ಠಾಣೆ ಮುಂದೆ ನಿಂತಿತ್ತು. ಮೈಕು ಹಿಡಿದವರು, ಕುರ್ಚಿಯಲ್ಲಿ ಕೂತವರು, ನಮ್ಮನ್ನು ರಸ್ತೆಗೆ ಕಳಿಸಿದವರು, ಇವರ ಹೆಸರು ಎಲ್ಲಿ? ಯಜಮಾನರ ಹೆಸರು ಯಾವ ಎಸ್ಟೇಟಿನ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಅದು ನಿಮಗೆ ತಿಳಿಯದೇ ಆ ಪುಸ್ತಕದಿಂದ ಪಟ್ಟಿ ಮಾಡಿದಿರೋ, ತಿಳಿದೇ ಮಾಡಿದಿರೋ? ಅವರನ್ನು ಮಾತ್ರ ಶಾಂತಿ ಸಭೆಗೆ ಕರೆದು ಬೋಂಡ ಕೊಟ್ಟಿರಿ.

ಲಕ್ಕಪ್ಪ ಸತ್ತಿದ್ದಾನೆ ಅಂತ ಹೇಳಲು ಠಾಣೆಗೆ ಹೋದರೆ ಪೇದೆ ಕೇಳಿದ, "ಆರೋಪಿ ಎಲ್ಲಿ?"

"ಮಣ್ಣಾಗವ್ನೆ ಕಣಪ್ಪ. ನೀವೇ ಪಂಚನಾಮೆ ಮಾಡಿದ್ರಲ್ಲ."

"ಅದು ಬೇರೆ ಫೈಲು ಅಜ್ಜ, ಇದು ಬೇರೆ ಫೈಲು."

ಸಮನ್ಸ್ ಬಂದ ದಿನ ಮಾದಮ್ಮನಿಗೆ ನಾನೇ ಓದಿ ಹೇಳಬೇಕಾಯಿತು. ಪೂರಾ ಕೇಳಿಸಿಕೊಂಡು ಅಂದಳು, "ಬೋರಣ್ಣ, ನಮ್ಮೋರು ಇನ್ನೂ ಅವ್ರೆ ಅಂತ ಸರ್ಕಾರನಾದ್ರೂ ಹೇಳ್ತಲ್ಲ. ಎಲ್ಲಿ ಅವ್ರೆ ಅಂತ ಕೇಳು, ಹೋಗಿ ಕರ್ಕೊಂಡು ಬತ್ತೀನಿ." ಪಕ್ಕದ ಮನೆಯ ಇಂದ್ರಮ್ಮ ಇಪ್ಪತ್ತೆರಡನೇ ಆರೋಪಿ. ಅವಳು ಬಾಗಿಲಲ್ಲೇ ನಿಂತು, "ನಿನ್ ಕೈಬರಹ ಭಾರಿ ಚೆಂದ ಕಣಣ್ಣೋ, ಜಡ್ಜ್ ಸಾಹೇಬ್ರಿಗೂ ಓದಕ್ಕೆ ಬಂದ್ಬುಡ್ತು" ಅಂದಳು. ನಾನು ಸಿಡುಕಿನವನು, ಯಾರು ಏನಂದರೂ ಎರಡು ಮಾತು ತಿರುಗಿಸಿ ಆಡುವವನು. ಅವತ್ತು ಸಮನ್ಸ್ ಮಡಿಚಿ ಮಾದಮ್ಮನ ಕೈಗಿಟ್ಟು ಮನೆಗೆ ನಡೆದೆ. ಮಾರನೇ ದಿನವೇ ಪುಸ್ತಕ ಯಜಮಾನರ ಮೇಜಿನ ಮೇಲಿಟ್ಟು ಕೆಲಸ ಬಿಟ್ಟೆ. ಲೈನಿನಲ್ಲಿ ಈಗ ನನ್ನನ್ನು ಕಂಡರೆ ಮಾತು ನಿಲ್ಲುತ್ತದೆ.

ಈಗ ಕೇಳಿ. ರಸ್ತೆಯಲ್ಲಿ ಕೂತದ್ದು ತಪ್ಪಾದರೆ ಅಲ್ಲಿದ್ದ ಎಲ್ಲರ ಹೆಸರೂ ಬರೆಯಿರಿ. ಶಾಮಿಯಾನದವರದ್ದೂ ಬರೆಯಿರಿ. ಮೊದಲು ನನ್ನದು ಬರೆಯಿರಿ. ಬೆಳಿಗ್ಗೆಯಿಂದ ಸಂಜೆವರೆಗೆ ನಾನೂ ಅಲ್ಲೇ ಇದ್ದೆ. ನಾನು ತಿಂಗಳ ಸಂಬಳದವನಾಗಿದ್ದೆ, ನನಗೆ ದಿನದ ಹಾಜರಿ ಇರಲಿಲ್ಲ, ಅದೊಂದಕ್ಕೇ ತಪ್ಪಿಸಿಕೊಂಡಿದ್ದೇನೆ. ಎಲ್ಲರ ಹೆಸರು ಬರೆಯಲು ಧೈರ್ಯವಿಲ್ಲದಿದ್ದರೆ ಆ ನಲವತ್ತೆರಡು ಮಂದಿಯ ಮೇಲಿನ, ಹಮೀದನ ಮೇಲಿನ ಕೇಸು ಹಿಂದಕ್ಕೆ ತೆಗೆಸಿ. ಲಕ್ಕಪ್ಪನ ಹೆಸರನ್ನಂತೂ ಇವತ್ತೇ ಹೊಡೆದುಹಾಕಿಸಿ. ಅವನು ರಸ್ತೆಯಲ್ಲಿ ಕೂತಿರಲಿಲ್ಲ, ಮಲಗಿದ್ದ.

೨೦೦೮ ಮಾರ್ಚ್ ಹತ್ತನೇ ತಾರೀಕಿನೊಳಗೆ ಉತ್ತರ ಬೇಕು. ಬಾಯಲ್ಲಿ ಹೇಳಿದರೆ ಆಗಲ್ಲ, ಬರೆದು ಕೊಡಿ.

ಇಂತಿ,
ಅವತ್ತು ಆನೇಮಹಲ್ ರಸ್ತೆಯಲ್ಲಿದ್ದೂ ಪಟ್ಟಿಯಲ್ಲಿಲ್ಲದ
ಬೋರಯ್ಯ