ಎಂಬತ್ತೊಂದನೆಯ ಪುಟದಿಂದ

ಪ್ರಕಾಶನದ ವ್ಯವಸ್ಥಾಪಕರಿಗೆ ವಂದನೆಗಳು.

ಕರಡು ತಿದ್ದುವ ಕೆಲಸ ಕೇಳಿಕೊಂಡು ಸೋಮವಾರ ಬಂದಿದ್ದ ಐವರಲ್ಲಿ ನಾನೊಬ್ಬಳು. ತಲೆ ತಗ್ಗಿಸಿಕೊಂಡೇ ಉತ್ತರಿಸಿದೆ. ತಾವು ನಕ್ಕು, "ಹೀಗೆ ನಾಚ್ಕೊಂಡ್ರೆ ಕೆಲಸ ಸಿಗತ್ತೇನಮ್ಮಾ? ತಗೋ, ಈ ನಲವತ್ತು ಪುಟ ಮನೇಲಿ ತಿದ್ಕೊಂಡು ಬಾ. ಇದೇ ಪರೀಕ್ಷೆ" ಎಂದಿರಿ.

ತಲೆ ತಗ್ಗಿಸಿದ್ದರಿಂದಲೇ ಪಕ್ಕದವಳ ಮಡಿಲಿನ ಹಾಳೆಗಳು ಕಂಡವು. ಅವಳದು ಎಂಬತ್ತನೆಯ ಪುಟಕ್ಕೆ ಮುಗಿದಿತ್ತು, ನನ್ನದು ಎಂಬತ್ತೊಂದರಿಂದ ಶುರುವಾಗಿತ್ತು. ಮೆಟ್ಟಿಲಿಳಿಯುವಾಗ ವಿಚಾರಿಸಿದರೆ ಉಳಿದ ಮೂವರ ಪುಟಗಳೂ ಹಾಗೆಯೇ ಸಾಲಾಗಿದ್ದವು.

"ಐದು ಜನ ಸೇರಿ ಇಡೀ ಪುಸ್ತಕಾನೇ ಬಿಟ್ಟಿ ತಿದ್ತಿದ್ದೀವಲ್ಲೇ!" ಎಂದಳು ಪಕ್ಕದವಳು. ಅವಳ ಅಕ್ಕನೂ ಹೋದ ವರ್ಷ ತಮ್ಮಲ್ಲಿ ಇಂಥದೇ ಪರೀಕ್ಷೆ ಬರೆದಿದ್ದಳಂತೆ. ಕೆಲಸ ಯಾರಿಗೂ ಸಿಗಲಿಲ್ಲ, ಪುಸ್ತಕ ಮಾತ್ರ ಅಂಗಡಿಗೆ ಬಂತಂತೆ.

ನನ್ನ ಅನುಮಾನ ತಪ್ಪಾಗಿದ್ದರೆ ಕ್ಷಮಿಸಿ. ಈ ಕೆಲಸ ನನಗೆ ನಿಜವಾಗಿಯೂ ಬೇಕು. ನನ್ನ ಪುಟಗಳಲ್ಲಿ ಒಂದು ಅಲ್ಪವಿರಾಮವನ್ನೂ ನೋಡದೆ ಬಿಟ್ಟಿಲ್ಲ. ನಾವು ಐವರೂ ಮಾತಾಡಿಕೊಂಡಿದ್ದೇವೆ: ನೇಮಕಾತಿ ಪತ್ರ ಯಾರಿಗೆ ಬರುತ್ತದೋ ಅವರು ಇನ್ನೂರು ಪುಟಗಳನ್ನೂ ಒಟ್ಟಿಗೆ ತರುತ್ತಾರೆ. ಅಲ್ಲಿಯವರೆಗೆ ಎಲ್ಲವೂ ನನ್ನ ಟ್ರಂಕಿನಲ್ಲಿ ಭದ್ರವಾಗಿವೆ.

ಇತಿ ತಮ್ಮ ವಿಧೇಯಳು,
ಮೂರನೆಯ ಅಭ್ಯರ್ಥಿ